ಎಕ್ಸ್-ರೇಗೆ ಹೆದರಿದ ಶಿಲ್ಪಿ

ಕೇಳ್ರಪ್ಪ, ಇವತ್ತು ಮಾಲೂರಿನ ಆಸ್ಪತ್ರೆಯಲ್ಲಿ ನನ್ನ ತಮ್ಮ ಎಕ್ಸ್-ರೇ ಕೋಣೆಯ ಬಾಗಿಲಲ್ಲೇ ಕೂತುಬಿಟ್ಟ. ಶಿವಾರಪಟ್ಟಣದಲ್ಲಿ ನಲವತ್ತು ವರ್ಷ ವಿಗ್ರಹ ಕೆತ್ತಿದವನು. ಎರಡು ತಿಂಗಳಿಂದ ಕೆಮ್ಮು ಬಿಟ್ಟಿಲ್ಲ. ಕಲ್ಲಿನ ಧೂಳು ಎದೆಗೆ ಇಳಿದಿದೆಯೋ ಏನೋ, ನೋಡಲೇಬೇಕು ಅಂದಿದ್ದಾರೆ ಡಾಕ್ಟರು.

"ಆ ಕಿರಣ ಡಿಎನ್ಎ ಮುರಿಯುತ್ತಂತೆ, ಮೊಬೈಲಲ್ಲಿ ಬಂದಿತ್ತು. ನಾನು ಒಳಗೆ ಹೋಗಲ್ಲ ಕಣಕ್ಕ" ಅಂದ.

ಜೊತೆಗಿದ್ದ ಅವನ ಸೊಸೆ ಪವಿತ್ರ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. "ಒಂದಿಷ್ಟು ಕೆಡುತ್ತೆ ಮಾವ, ನಿಜ. ಬಿಸಿಲಲ್ಲಿ ಕೂತರೂ ಕೆಡುತ್ತೆ. ಜೀವಕೋಶವೇ ಅದನ್ನ ರಿಪೇರಿ ಮಾಡ್ಕೊಳ್ಳುತ್ತೆ."

"ಭಿನ್ನವಾದ ವಿಗ್ರಹಾನ ಯಾವನಮ್ಮ ರಿಪೇರಿ ಮಾಡ್ತಾನೆ? ಪೂಜೆಗೇ ಬರಲ್ಲ ಅದು!"

"ಗುಡಿ ಬಾಗಿಲಿಗೆ ಜಯ-ವಿಜಯರನ್ನ ಜೋಡಿಯಾಗಿ ಕೆತ್ತುತ್ತೀರಲ್ಲ, ಜಯನ ಕೈ ಮುರಿದರೆ ಅದು ಹೇಗಿತ್ತು ಅಂತ ಹೇಗೆ ಗೊತ್ತಾಗುತ್ತೆ?"

"ವಿಜಯನ್ನ ನೋಡಿದ್ರೆ ಆಯ್ತು. ಇವನ ಎಡಕ್ಕೆ ಅವನ ಬಲ."

"ಡಿಎನ್ಎಗೂ ಹಂಗೇ ಎರಡು ಎಳೆ. ಒಂದು ಕೆಟ್ಟರೆ ಜೀವಕೋಶ ಇನ್ನೊಂದನ್ನ ನೋಡಿ ಸರಿ ಮಾಡುತ್ತೆ. ಅಪರೂಪಕ್ಕೆ ತಪ್ಪು ಉಳಿದುಬಿಟ್ಟರೆ ಅದೇ ಮ್ಯುಟೇಶನ್. ಆ ಸಣ್ಣ ಅಪಾಯಕ್ಕೆ ಹೆದರಿ ಎದೆ ತೋರಿಸದೆ ಹೋಗ್ತೀರಾ?"

ಲೈಬ್ರರಿ ಪುಸ್ತಕಗಳನ್ನು ವರ್ಷಗಟ್ಟಲೆ ತಿರುವಿ ನಾನು ಅರ್ಧ ತಿಳಿದುಕೊಂಡಿದ್ದನ್ನು ಈ ಹುಡುಗಿ ನಾಲ್ಕು ಮಾತಲ್ಲಿ ಹೇಳಿಬಿಟ್ಟಳು. ಭಲೇ ಅನ್ನಿಸಿತು.

ತಮ್ಮ ಎದ್ದು, ಅಂಗಿ ಬಿಚ್ಚಿ ಒಳಗೆ ಹೋದ.

ಹೊರಗೆ ಬಂದವನು ಎದೆ ಸವರಿಕೊಂಡು, "ಉಳಿ ಇಲ್ಲ, ಸುತ್ತಿಗೆ ಇಲ್ಲ, ಸದ್ದೂ ಇಲ್ಲ. ಈ ಮೈಯೊಳಗೆ ಕೂತು ರಿಪೇರಿ ಮಾಡೋನು ಭಾರಿ ಕೆಲಸಗಾರ ಕಣಕ್ಕ!" ಅಂದ.

ನನ್ನ ತಮ್ಮ ಇನ್ನೊಬ್ಬ ಶಿಲ್ಪಿಯನ್ನು ಹೊಗಳಿದ್ದು ನಾನು ಕೇಳಿದ್ದು ಇದೇ ಮೊದಲು.