ಪುಟ್ಟಬಸಮ್ಮನ ಹೆಬ್ಬೆಟ್ಟು

ಬದನವಾಳಿನ ಪುಟ್ಟಬಸಮ್ಮ ಮೂವತ್ತೆಂಟು ವರ್ಷ ರಾಟೆಯ ಮುಂದೆ ಕೂತು ನೂಲು ತೆಗೆದವಳು. ಗಂಡ ತೀರಿಕೊಂಡ ಮೇಲೆ ತಿಂಗಳಿಗೆ ನಾನೂರು ರೂಪಾಯಿ ವಿಧವಾ ವೇತನ. ಅಂಚೆಯವನು ಅದನ್ನು ಜಗಲಿಗೇ ತಂದುಕೊಟ್ಟು ಮಜ್ಜಿಗೆ ಕುಡಿದು ಹೋಗುತ್ತಿದ್ದ.

2009ರಲ್ಲಿ ಸರ್ಕಾರದ ಹೊಸ ಏರ್ಪಾಡು ಬಂತು. ಇನ್ನು ಹಣ ಬ್ಯಾಂಕ್ ಖಾತೆಗೆ. ಏಜೆಂಟನ ಮೆಷಿನ್ನಿಗೆ ಕಾರ್ಡು ಹಾಕಿ ಹೆಬ್ಬೆಟ್ಟು ಒತ್ತಿದರೆ ಕೈಗೆ ದುಡ್ಡು. ಶಾಲೆಯ ಮುಂದೆ ಶಾಮಿಯಾನ ಹಾಕಿಸಿ, ದೊಡ್ಡ ಸಾಹೇಬರನ್ನು ಕರೆಸಿ, ಮೊದಲ ಕಾರ್ಡಿಗೆ ಪುಟ್ಟಬಸಮ್ಮನನ್ನೇ ವೇದಿಕೆ ಹತ್ತಿಸಿದರು. ಮೂರು ಸಲ ಒತ್ತಿದರೂ ನೂಲು ಎಳೆದು ಸವೆದ ಅವಳ ಹೆಬ್ಬೆಟ್ಟಿನ ಗುರುತು ಮೂಡಲಿಲ್ಲ. ಫೋಟೋದವನು ಕಾಯುತ್ತಿದ್ದ, ಸಾಹೇಬರು ಗಡಿಯಾರ ನೋಡಿಕೊಂಡರು. ಕಾರ್ಡು ಕಂಪನಿಯ ಏಜೆಂಟ್ ನಂಜೇಶ್ ಅವಳಿಗೆ ಸಹಾಯ ಮಾಡುವವನಂತೆ ಕೈ ಹಿಡಿದು, ಅಡಿಯಿಂದ ತನ್ನ ಹೆಬ್ಬೆಟ್ಟನ್ನೇ ಒತ್ತಿಬಿಟ್ಟ. ಅವಳ ಕಾರ್ಡಿಗೆ ಅವನ ಗುರುತು ಸೇರಿತು. ಚಪ್ಪಾಳೆ ಬಿತ್ತು.

“ನಿಂದೇ ಒತ್ತುಬುಟ್ಯಲ್ಲಪ್ಪಾ?”

“ಸುಮ್ನಿರವ್ವ, ಆಮೇಲೆ ಸರಿ ಮಾಡ್ಕೊಡ್ತೀನಿ.”

ಮಾಡಲಿಲ್ಲ. ಮೊದಲ ತಿಂಗಳು ನಾನೂರು ಕೊಟ್ಟ, ಆಮೇಲೆ ಮುನ್ನೂರು, ಸಂಕ್ರಾಂತಿಯ ಹೊತ್ತಿಗೆ ಇನ್ನೂರು. ಕೇಳಿದರೆ ನಗುತ್ತಿದ್ದ. “ನಿನ್ ಬೆಳ್ಳಲ್ಲಿ ಗೆರೆನೇ ಇಲ್ಲ. ನನ್ ಬೆಳ್ಳು ಪುಕ್ಕಟೆ ಬತ್ತದಾ?”

ಒಂದು ದಿನ ಅವಳು ಬಸ್ಸು ಹತ್ತಿ ನಂಜನಗೂಡಿನ ಕಂಪನಿ ಕಚೇರಿಗೆ ಹೋದಳು. ಅಲ್ಲಿನ ಶಿವರಂಜನಿ ನೀರು ಕೊಟ್ಟು ಕೂರಿಸಿ, ಹತ್ತೂ ಬೆರಳು ಒತ್ತಿಸಿದಳು. ಹತ್ತಕ್ಕೂ ಕೆಂಪು ದೀಪ.

“ಅಜ್ಜಿ, ಮೆಷಿನ್ ನಿಮ್ಮನ್ನ ಒಪ್ತಿಲ್ಲ.”

“ಕಾರ್ಡ್ ಮ್ಯಾಲಿರೋ ಪೋಟ ನಂದೇ ಕಣವ್ವ.” ವೇದಿಕೆಯಲ್ಲಿ ನಡೆದದ್ದನ್ನೆಲ್ಲ ಪುಟ್ಟಬಸಮ್ಮ ಹೇಳಿದಳು.

ಶಿವರಂಜನಿ ಪೆನ್ನು ಕೆಳಗಿಟ್ಟಳು. “ಬೇರೆಯವರ ಬೆರಳು ಕೊಟ್ಟಿದ್ದು ಗೊತ್ತಿದ್ದೂ ದುಡ್ಡು ತಗೊಂಡಿದ್ದೀರಿ. ದೂರು ಬರ್ಕೊಂಡ್ರೆ ಖಾತೆ ಮುಚ್ತಾರೆ, ಕೇಸು ನಿಮ್ಮ ಮೇಲೂ ಬೀಳತ್ತೆ. ಬರೀಲಾ?”

ಪುಟ್ಟಬಸಮ್ಮ ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದಳು.

ಮುಂದಿನ ತಿಂಗಳು ನಂಜೇಶ್ ಅವಳನ್ನು ಸಾಲಿನ ಕೊನೆಗೆ ನಿಲ್ಲಿಸಿ ನೂರು ರೂಪಾಯಿ ಕೊಟ್ಟ. “ದೂರು ಯೇಳಕ್ಕೆ ಓಗಿದ್ಯಂತಲ್ಲ?”

ಮಳೆಗಾಲದಲ್ಲಿ ಕಂಪನಿ ನಂಜೇಶನನ್ನು ನರಸೀಪುರದ ಕಡೆಗೆ, ಸೋಸಲೆಗೆ ಹಾಕಿತು. ಅವಳ ಖಾತೆ ತೆರೆಯುವ ಹೆಬ್ಬೆಟ್ಟೂ ಅವನ ಜೊತೆ ಹೋಯಿತು. ಬಸ್ಸು ಬದಲಾಯಿಸಿ ಬದಲಾಯಿಸಿ ಪುಟ್ಟಬಸಮ್ಮ ಹುಡುಕಿಕೊಂಡು ಬಂದಾಗ ಅವನು ಮೆಷಿನ್ನನ್ನು ಬ್ಯಾಗಿಗೆ ತುಂಬುತ್ತಿದ್ದ.

“ಸಿಗ್ನಲ್ ಇಲ್ಲ, ನಾಳೆ ಬಾ.”

“ನಾಳೆ ಬರಕ್ಕೆ ಬಸ್ ಚಾರ್ಜಿಲ್ಲ ಕಣಪ್ಪ. ಇಲ್ಲೇ ಎಲ್ಲಾರ ಬಿದ್ಕೊಂಡಿರ್ತೀನಿ.”

“ಬಿದ್ಕೊ,” ಎಂದು ನಂಜೇಶ್ ಬೈಕಿನ ಕಿಕ್ಕರ್ ಒದ್ದ.