ಮೊಳೆಯಿಲ್ಲದ ಚಪ್ಪಲಿ

ನನ್ನ ದೊಡ್ಡಮ್ಮ ಕನ್ಯಾಸ್ತ್ರೀಯಾಗುತ್ತೇನೆಂದು ಹೇಳಿದಾಗ ಅಜ್ಜ ವಕೀಲರೊಬ್ಬರ ಕೋಟಿಗೆ ತೋಳು ಕೂಡಿಸುತ್ತಿದ್ದರಂತೆ. ಮಾತು ಕಿವಿಗೆ ಬಿದ್ದರೂ ತಲೆ ಎತ್ತಲಿಲ್ಲ. ಮಿಷನ್ ತುಳಿದೇ ತುಳಿದರು. ನಿಲ್ಲಿಸಿ ನೋಡಿದರೆ ಎಡದ ತೋಳು ಬಲಕ್ಕೆ ಕೂತಿತ್ತು. ಅಜ್ಜ ಅಂಥ ತಪ್ಪು ಮಾಡಿದ್ದನ್ನು ಮನೆಯವರು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಜ್ಜನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ಕೈಯಲ್ಲಿ ಕತ್ತರಿ ನೀರಿನ ಹಾಗೆ ಓಡುತ್ತಿತ್ತು. ತಮ್ಮ ಟೈಲರ್ ಅಂಗಡಿ ಅವಳಿಗೇ ಎಂದು ಅಜ್ಜ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದರು. ಕಿರಿಯವಳಾದ ನನ್ನ ಅಮ್ಮನಿಗೋ ಸೂಜಿಗೆ ದಾರ ಪೋಣಿಸುವುದೂ ಬೇಸರ.

"ದೇವರಿಗೆ ಹೆಣ್ಣು ಕೇಳೋಕೆ ನಮ್ಮನೇನೇ ಬೇಕಿತ್ತಾ?" ಎಂದರು ಅಜ್ಜ.

"ಅವನೇನೂ ಕೇಳಿಲ್ಲ ಅಪ್ಪ, ನಾನೇ ಹೋಗ್ತೀನಿ ಅಂತಿರೋದು."

ಅಜ್ಜ ಅವಳನ್ನು ಬಸ್ಸಿಗೆ ಹತ್ತಿಸಲೂ ಹೋಗಲಿಲ್ಲ. ಮುಂದೆ ಅವಳು ವ್ರತ ತೆಗೆದುಕೊಂಡ ದಿನದ ಪೂಜೆಗೂ ಹೋಗಲಿಲ್ಲ. ಅಜ್ಜಿ, ಅಮ್ಮ ಇಬ್ಬರೇ ಹೋಗಿ ಕೂತು ಅತ್ತು ಬಂದರು.

ಕಾನ್ವೆಂಟಿನವರು ದೊಡ್ಡಮ್ಮನನ್ನು ಮೊದಲು ಶಾಲೆಗೆ ಹಾಕಿದರು. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ, ನಗು ಬೇಗ ಬರುತ್ತಿತ್ತು. ಒಂದು ದಿನ ಗಲಾಟೆ ಅಡಗಿಸಲು ಬಂದ ಹೆಡ್‌ಮಿಸ್ಸಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದದ್ದು ಟೀಚರೇ ಎಂದು ಗೊತ್ತಾಯಿತು. ಅಲ್ಲಿಂದ ಅಡುಗೆಮನೆಗೆ ಹಾಕಿದರು. ಒಲೆಯ ಮೇಲೆ ಹಾಲಿಟ್ಟು, ಹರಿದಿದ್ದ ಕಿಟಕಿ ಪರದೆಗೆ ತೇಪೆ ಹಾಕುತ್ತ ಕೂತಳು. ಹಾಲೆಲ್ಲ ಒಲೆಗೆ ಹೋಯಿತು. ಪರದೆಯಲ್ಲಿ ತೇಪೆ ಎಲ್ಲಿದೆಯೆಂದು ಮಾತ್ರ ಹುಡುಕಿದರೂ ಸಿಗುತ್ತಿರಲಿಲ್ಲ.

"ನಿನ್ನನ್ನ ಎಲ್ಲಿಡ್ಲಿ ಹೇಳು ಮಗಳೇ?" ಎಂದು ಕಾನ್ವೆಂಟಿನ ಮುಖ್ಯಸ್ಥೆ ಮದರ್ ಕೈಚೆಲ್ಲಿದರು.

"ಎಲ್ಲೂ ಇಡ್ಬೇಡಿ ಮದರ್, ಓಡಾಡೋ ಕೆಲ್ಸ ಕೊಡಿ."

ಹಾಗೆ ಅವಳು ಊರಾಚೆಯ ಕುಷ್ಠರೋಗದ ಆಸ್ಪತ್ರೆಗೆ ಬಂದಳು. ಕೆಲಸ ಹುಣ್ಣು ತೊಳೆದು ಪಟ್ಟಿ ಕಟ್ಟುವುದು. ಕಾಯಿಲೆ ಮಾತ್ರೆಗೆ ಬಗ್ಗುತ್ತಿತ್ತು, ವಾಸಿಯಾದವರಿಂದ ಇನ್ನೊಬ್ಬರಿಗೆ ಹರಡುವ ಭಯವೂ ಇರಲಿಲ್ಲ. ಆದರೆ ಜೋಮು ಹಿಡಿದ ಕಾಲಿಗೆ ಸ್ಪರ್ಶ ಮರಳುತ್ತಿರಲಿಲ್ಲ. ಗಾಜು ಚುಚ್ಚಿದರೂ ಕೆಂಡ ತುಳಿದರೂ ತಿಳಿಯುತ್ತಿರಲಿಲ್ಲ. ಉದ್ದ ಕೋಣೆಯ ಗೋಡೆಗುಂಟ ಬೆಂಚು, ಬೆಂಚಿನ ಮುಂದೆ ಸಾಲಾಗಿ ತಗಡಿನ ಬೋಗುಣಿಗಳು, ಬೋಗುಣಿಗಳಲ್ಲಿ ಪಾದಗಳು. ದೊಡ್ಡಮ್ಮ ಗಿಡ್ಡ ಸ್ಟೂಲಿನ ಮೇಲೆ ಕೂತು ಸ್ಟೂಲಿನ ಸಮೇತ ಸರಿಯುತ್ತ ಸರಿಯುತ್ತ ಸಾಲು ಮುಗಿಸುತ್ತಿದ್ದಳು. ಬರಬರುತ್ತ ಅವಳಿಗೆ ಮುಖಗಳಿಗಿಂತ ಮೊದಲು ಪಾದಗಳ ಗುರುತು ಸಿಗತೊಡಗಿತು. ಅದೇ ಜನ, ಅದೇ ಕಾಲು, ಅದೇ ಜಾಗದಲ್ಲಿ ಅದೇ ಹುಣ್ಣು. ವಾಸಿಯಾಗಿ ಹೋದವರು ಮತ್ತೆ ಬರುತ್ತಿದ್ದರು.

ಅವರಲ್ಲಿ ದಾರದಮ್ಮ ಎಂದು ಎಲ್ಲರೂ ಕರೆಯುತ್ತಿದ್ದ ಹೆಂಗಸು ಒಬ್ಬಳು. ಚೀಲದಲ್ಲಿ ದಾರದ ಉಂಡೆ, ಗುಂಡಿ, ಲೇಸು ತುಂಬಿಕೊಂಡು ಬೀದಿ ಬೀದಿ ನಡೆದು ಮಾರುವುದು ಅವಳ ಕಸುಬು. ಗಂಡ ಇರಲಿಲ್ಲ. ನಡೆದರೆ ಊಟ, ಇಲ್ಲದಿದ್ದರೆ ಇಲ್ಲ.

"ಆಸ್ಪತ್ರೇಲಿ ಕೊಟ್ಟ ಚಪ್ಪಲಿ ಎಲ್ಲಮ್ಮಾ?" ಎಂದು ದೊಡ್ಡಮ್ಮ ಕೇಳಿದಳು.

"ಅಟ್ಟದ ಮೇಲೆ ಹಾಯಾಗಿದೆ ಸಿಸ್ಟರ್."

"ಅಟ್ಟಕ್ಕೆ ಹುಣ್ಣಾಗಿತ್ತಾ?"

ದಾರದಮ್ಮ ನಗಲಿಲ್ಲ. "ಊರಿಗೆಲ್ಲ ಗೊತ್ತು ಆ ಚಪ್ಪಲಿ. ಟೈರಿನ ಹಾಗೆ ದಪ್ಪ, ಕರೀ ಪಟ್ಟಿ. ಹಾಕ್ಕೊಂಡು ಬಸ್ ಹತ್ತಿದ್ರೆ ಇಡೀ ಸೀಟು ನಂಗೊಬ್ಳಿಗೇ ಬಿಟ್ಟುಕೊಡ್ತಾರೆ. ಅಂಗಡಿಯವ್ರು ಹೊರಗೇ ನಿಲ್ಲು ಅಂತಾರೆ. ಕಾಲಿನ ಹುಣ್ಣು ನೀವು ವಾಸಿ ಮಾಡ್ತೀರಿ. ಇದನ್ನ ಯಾರು ವಾಸಿ ಮಾಡ್ತಾರೆ?"

ದೊಡ್ಡಮ್ಮ ಪಟ್ಟಿ ಕಟ್ಟಿ ಮುಗಿಸಿದಳು. ಆ ಭಾನುವಾರ ಪೇಟೆಯ ಚಪ್ಪಲಿ ಅಂಗಡಿಯ ಗಾಜಿಗೆ ಮೂಗು ತಗುಲಿಸಿಕೊಂಡು ನಿಂತಿದ್ದಳು.

"ಬನ್ನಿ ಸಿಸ್ಟರ್, ಕಪ್ಪು ಶೂ ತೋರಿಸ್ಲಾ?" ಎಂದ ಅಂಗಡಿಯವ.

"ನಂಗಲ್ಲ. ಆ ಕೆಂಪು ಪಟ್ಟಿದು ಕೊಡಿ. ಬಿಚ್ಚಿ ನೋಡ್ಬಹುದಾ?"

"ಕೊಂಡ್ಮೇಲೆ ಬಿಚ್ತೀರೋ ಹರೀತೀರೋ, ನಿಮ್ಮಿಷ್ಟ."

ಮದರ್ ಅವರ ಒಪ್ಪಿಗೆ ಪಡೆದು ಕೊಂಡುತಂದ ಆ ಹೊಸ ಜೋಡಿಯನ್ನು ಅವಳು ಒಂದೊಂದೇ ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಆಸ್ಪತ್ರೆಯ ಡಾಕ್ಟರು ಹೆಚ್ಚು ಮಾತಿನವರಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಬೇಕಾದದ್ದನ್ನು ಹೇಳಿಕೊಟ್ಟರು. ಕೆಳಗೆ ಗಟ್ಟಿ ಅಟ್ಟೆ, ಪಾದಕ್ಕೆ ತಾಗುವಲ್ಲಿ ಮೆತ್ತನೆ ರಬ್ಬರು, ಒಳಗೆ ಚರ್ಮ ಉಜ್ಜುವ ಹೊಲಿಗೆ ಇರಬಾರದು, ಮೊಳೆಯಂತೂ ಒಂದೂ ಕೂಡದು. ದೊಡ್ಡಮ್ಮ ಕತ್ತರಿಸಿದಳು, ಅಂಟಿಸಿದಳು, ಹೊಲಿದಳು. ಮೊದಮೊದಲ ಜೋಡಿಗಳು ಬಾಯಿ ತೆರೆದ ಕಪ್ಪೆಯ ಹಾಗಿದ್ದವು. ನಾಲ್ಕು ಹೆಜ್ಜೆಗೆ ಪಟ್ಟಿ ಸಡಿಲವಾಗಿ ಚಪ್ಪಲಿ ಒಂದು ದಾರಿ, ಕಾಲು ಒಂದು ದಾರಿ ಹಿಡಿಯುತ್ತಿದ್ದವು.

ಇದನ್ನು ತಿದ್ದಬಲ್ಲ ಒಬ್ಬರು ಅವಳಿಗೆ ಗೊತ್ತಿದ್ದರು. ಅವರು ಅವಳೊಡನೆ ಮಾತು ಬಿಟ್ಟು ವರ್ಷಗಳೇ ಕಳೆದಿದ್ದವು.

ಅವಳು ಅಜ್ಜನ ಅಂಗಡಿಯ ಮೆಟ್ಟಿಲು ಹತ್ತಿದಾಗ ಅಮ್ಮ ಇಸ್ತ್ರಿ ಹಾಕುತ್ತಿದ್ದಳು. ಮುಂದಿನದನ್ನು ನನಗೆ ಹೇಳಿದ್ದು ಅಮ್ಮನೇ. ದೊಡ್ಡಮ್ಮ ಚಪ್ಪಲಿಯೊಂದನ್ನು ಚೀಲದಿಂದ ತೆಗೆದು ಕತ್ತರಿಸುವ ಮೇಜಿನ ಮೇಲಿಟ್ಟಳಂತೆ.

"ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಚಪ್ಪಲಿ ಇಡ್ತಾರಾ?" ಎಂದು ಅಜ್ಜ ಗುಡುಗಿದರು.

"ಬೈಯ್ರಿ ಅಪ್ಪ. ಅಂತೂ ಮಾತಾಡಿದ್ರಲ್ಲ."

ಅಜ್ಜ ಕನ್ನಡಕ ಮೇಲೇರಿಸಿ ಚಪ್ಪಲಿಯನ್ನು ಮಗುಚಿ ನೋಡಿದರು. "ಯಾರು ಕತ್ತರಿಸಿದ್ದು ಇದನ್ನ?"

"ನಾನೇ."

"ನಾನು ಕಲಿಸಿದ್ದು ಹೀಗಾ? ಬಟ್ಟೆ ಯಾವ ಕಡೆ ಹಿಗ್ಗುತ್ತೆ ಅಂತ ಎಳೆದು ನೋಡ್ತೀವಿ. ಚರ್ಮಕ್ಕೆ ನೋಡ್ಬಾರ್ದಾ? ಯಾರ ಕಾಲಿಗೆ ಇದು?"

ಅವಳು ಹೇಳಿದಳು. ಯಾವ ಆಸ್ಪತ್ರೆ, ಯಾವ ಕಾಯಿಲೆ, ದಾರದಮ್ಮ ಯಾರು, ಬಸ್ಸಿನ ಸೀಟು, ಎಲ್ಲ. ಅಜ್ಜ ಎದ್ದು ಹೋಗುತ್ತಾರೇನೋ ಎಂದು ಅಮ್ಮ ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಹಿಡಿದು ನಿಂತಳಂತೆ. ಅಜ್ಜ ಕೊರಳಲ್ಲಿದ್ದ ಅಳತೆಯ ಟೇಪನ್ನು ಎರಡು ಸಲ ಸುತ್ತಿ ಬಿಚ್ಚಿದರು.

"ಕಾಲು ನೋಡದೆ ಅಳತೆ ಹೇಗೆ ತಗೊಳ್ಳೋದು?" ಎಂದರು.

ಮರುದಿನ ಅಂಗಡಿಗೆ ಬೀಗ ಹಾಕಿ, ಸ್ವಂತ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಯ ಬಸ್ಸು ಹತ್ತಿದರು.

ದಾರದಮ್ಮ ಅಪರಿಚಿತ ಗಂಡಸನ್ನು ಕಂಡು ಪಾದ ಒಳಗೆಳೆದುಕೊಂಡಳು. ಅಜ್ಜ ಅವಳ ಮುಂದೆ ಮಂಡಿಯೂರಿ ಕೂತು, "ಏನು ವ್ಯಾಪಾರ ನಿಂದು?" ಎಂದು ಕೇಳಿದರು.

"ದಾರ, ಗುಂಡಿ."

"ಬೀದೀಲಿ ಮಾರೋ ದಾರ ಒಂದೇ ಒಗೆತಕ್ಕೆ ಬಣ್ಣ ಬಿಡುತ್ತೆ."

"ನೀವು ಎಲ್ಲೋ ಸೋವಿದು ತಗೊಂಡಿರ್ಬೇಕು! ನನ್ನ ದಾರ ಬಣ್ಣ ಬಿಟ್ಟದ್ದು ಯಾರಾದ್ರೂ ತೋರಿಸ್ಲಿ ನೋಡೋಣ!"

ಜಗಳ ಕಾವೇರಿತು. ಅವಳು ವಾದಿಸುತ್ತ ವಾದಿಸುತ್ತ ಪಾದ ಮುಂದೆ ಚಾಚಿದ್ದು ಅವಳಿಗೇ ಗೊತ್ತಾಗಲಿಲ್ಲ. ಅಜ್ಜ ವಾದ ಬಿಡದೆ ಬರಿಗೈಯಿಂದ ಆ ಪಾದ ಹಿಡಿದು, ಮಡಚಿದ ಬೆರಳುಗಳ ಸುತ್ತ, ಹಿಮ್ಮಡಿಯ ಸುತ್ತ ಟೇಪು ಹಾಯಿಸಿದರು. ದೊಡ್ಡಮ್ಮ ಅಳತೆ ಬರೆದುಕೊಳ್ಳುತ್ತಿದ್ದವಳು ಒಂದು ಅಂಕಿ ತಪ್ಪಿ ಬರೆದು ಬೈಸಿಕೊಂಡಳು. ಅಪ್ಪನ ಹತ್ತಿರ ಬೈಸಿಕೊಂಡದ್ದಕ್ಕೆ ಅಷ್ಟು ಸಂತೋಷವಾದದ್ದು ಅದೊಂದೇ ಸಲ ಎಂದು ಆಮೇಲೆ ಅಮ್ಮನಿಗೆ ಹೇಳಿದಳಂತೆ.

ಕೆಲವು ಸಲ ಕೆಟ್ಟು, ಬಿಚ್ಚಿ, ಮತ್ತೆ ಹೊಲಿದು ಕೊನೆಗೆ ಸಿದ್ಧವಾದದ್ದು ಕಂದುಗೆಂಪು ಪಟ್ಟಿಯ, ಪಕ್ಕದಲ್ಲಿ ಸಣ್ಣ ಬಕಲ್ ಇರುವ ಚಪ್ಪಲಿ. ಮೆತ್ತನೆಯದೆಲ್ಲ ಒಳಗೆ ಅಡಗಿತ್ತು. ಹೊರಗಿನಿಂದ ನೋಡಿದರೆ ಪೇಟೆಯ ಗಾಜಿನ ಹಿಂದಿನದೇ. ದಾರದಮ್ಮ ಅದನ್ನು ಹಾಕಿಕೊಂಡು ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದಳು. ಜೊತೆಗೆ ಸಿಸ್ಟರ್ ಕಂಡರೆ ಜನ ಗುರುತು ಹಿಡಿದುಬಿಡುತ್ತಾರೆಂದು ದೊಡ್ಡಮ್ಮ ಹೋಗಲಿಲ್ಲ. ಪಟ್ಟಿ ಕಟ್ಟುವ ನಡುವೆ ಗೇಟಿನ ಕಡೆಗೇ ಕಣ್ಣು.

ಸಂಜೆ ದಾರದಮ್ಮ ಬುಸುಗುಡುತ್ತ ಬಂದಳು. "ಸೀಟೇ ಸಿಗ್ಲಿಲ್ಲ ಸಿಸ್ಟರ್! ಹೋಗ್ತಾನೂ ನಿಂತೆ, ಬರ್ತಾನೂ ನಿಂತೆ. ಒಬ್ಳು ನನ್ನ ಹೆಗಲ ಮೇಲೇ ತಲೆ ಇಟ್ಟು ನಿದ್ದೆ ಹೊಡೆದ್ಲು. ಎಬ್ಬಿಸಿದ್ರೆ ನನ್ನನ್ನೇ ಗುರಾಯಿಸ್ತಾಳೆ!"

ಅಷ್ಟು ಹೇಳಿ ಮೆಟ್ಟಿಲ ಮೇಲೆ ಕೂತು ನಗತೊಡಗಿದಳು. ನಗು ಹತ್ತಿಕ್ಕಿಕೊಳ್ಳುವುದು ದೊಡ್ಡಮ್ಮನಿಗೆ ಯಾವತ್ತೂ ಬಂದದ್ದಲ್ಲ. ಆದರೂ ಮೊದಲು ಆ ಚಪ್ಪಲಿ ಬಿಚ್ಚಿಸಿ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಕೆಂಪು ಗೆರೆಯೂ ಇರಲಿಲ್ಲ. ಆಮೇಲೆ ನಕ್ಕಳು.

ಆಸ್ಪತ್ರೆಯ ಹಳೆಯ ಉಗ್ರಾಣ ಚಪ್ಪಲಿಯ ಕಾರ್ಖಾನೆಯಾಯಿತು. ಅಜ್ಜ ಮೈಯಲ್ಲಿ ಶಕ್ತಿ ಇರುವವರೆಗೂ ಪ್ರತಿ ಗುರುವಾರ ಬಂದರು. ವಾಸಿಯಾದವರಿಗೇ ಕೆಲಸ ಕಲಿಸಿದರು. ಬೆರಳು ಮಡಚಿಹೋದವರಿಗಾಗಿ ಕತ್ತರಿಯ ಹಿಡಿಗೆ ಚರ್ಮದ ಕುಣಿಕೆ ಕಟ್ಟಿಕೊಟ್ಟರು. ದಾರ ಎಲ್ಲಿಂದ ಬರುತ್ತಿತ್ತೆಂದು ಹೇಳಬೇಕಾಗಿಲ್ಲ. ಪ್ರತಿ ಗುರುವಾರ ಅದರ ಬಣ್ಣದ ಬಗ್ಗೆ ಜಗಳವೂ ನಡೆಯುತ್ತಿತ್ತು. ದೊಡ್ಡಮ್ಮನಿಗೆ ಚಪ್ಪಲಿ ಸಿಸ್ಟರ್ ಎಂಬ ಹೆಸರು ಬಿತ್ತು. ಬೇರೆಯವರು ಚಪ್ಪಲಿ ತೋರಿಸಿದರೆ ಹೊಡೆದಾಟ, ಅವಳು ತೋರಿಸಿದರೆ ಜನ ಓಡೋಡಿ ಬರುತ್ತಾರೆಂದು ಅಮ್ಮ ತಮಾಷೆ ಮಾಡುತ್ತಿದ್ದಳು.

ಎಲ್ಲ ಕಾಲೂ ಉಳಿಯಲಿಲ್ಲ. ತೋಟ ನೋಡಿಕೊಳ್ಳುತ್ತಿದ್ದ ಒಬ್ಬನು ತೀರಾ ತಡವಾಗಿ ಬಂದ. ಮಂಡಿಯ ಕೆಳಗೆ ಕಾಲು ತೆಗೆಯಬೇಕಾಯಿತು. ದೊಡ್ಡಮ್ಮ ಪ್ರಾರ್ಥನಾಮಂದಿರದ ಹಿಂದಿನ ಬೆಂಚಿನಲ್ಲಿ ತುಂಬಾ ಹೊತ್ತು ಕೂತಿದ್ದಳು, ಜಪಸರ ಕೈಯಲ್ಲಿತ್ತು, ಮಣಿ ಸರಿಯುತ್ತಿರಲಿಲ್ಲ. ಅವನಿಗೆಂದು ಒಂದೇ ಚಪ್ಪಲಿ ಮಾಡಿ ಒಯ್ದಾಗ ಅವನು ಮುಖ ಸಿಂಡರಿಸಿದ.

"ಮರದ ಕಾಲಾದ್ರೆ ಅದಕ್ಕೆ ಮರ್ಯಾದೆ ಬೇಡ್ವಾ ಸಿಸ್ಟರ್? ಜೋಡಿ ಕೊಡಿ."

ಜೋಡಿ ಮಾಡಿಕೊಟ್ಟಳು. ಅವನು ಮುಂದೆ ಕಾರ್ಖಾನೆಯಲ್ಲೇ ಅಟ್ಟೆ ಕತ್ತರಿಸಲು ಕೂತ.

ಕಾಲ ಕಳೆದಂತೆ ಆ ಕಾಯಿಲೆಯವರು ಕಡಿಮೆಯಾದರು. ಕಾರ್ಖಾನೆ ಮುಚ್ಚೋಣವೇ ಎಂಬ ಮಾತೂ ಎದ್ದಿತು. ಅಷ್ಟರಲ್ಲಿ ಡಾಕ್ಟರು ಸಕ್ಕರೆ ಕಾಯಿಲೆಯವರನ್ನು ಕಳಿಸತೊಡಗಿದರು. ಅವರ ಪಾದಗಳಿಗೂ ಅದೇ ಜೋಮು, ಅದೇ ಹುಣ್ಣು. ಇಸ್ತ್ರಿ ಮಾಡಿದ ಪ್ಯಾಂಟಿನ ಬ್ಯಾಂಕ್ ಮ್ಯಾನೇಜರೊಬ್ಬರು ಬೆಂಚಿನ ಮೇಲಿದ್ದವರನ್ನು ನೋಡಿ ಬಾಗಿಲಲ್ಲೇ ನಿಂತರು.

"ಬೆಂಚು ಒಂದೇ ಇರೋದು ಸಾರ್," ಎಂದಳು ದೊಡ್ಡಮ್ಮ. "ನಿಂತ್ರೆ ನಿಮ್ಮ ಕಾಲಿಗೇ ಒಳ್ಳೇದಲ್ಲ."

ಮ್ಯಾನೇಜರು ತುದಿಯಲ್ಲಿ ಕೂತರು. ಎರಡನೆಯ ಸಲ ಬಂದಾಗ ನಡುವೆ ಕೂತು ತೋಟದವನ ಹತ್ತಿರ ಗುಲಾಬಿಗೆ ಯಾವ ಗೊಬ್ಬರ ಒಳ್ಳೆಯದೆಂದು ಕೇಳುತ್ತಿದ್ದರು.

ವಯಸ್ಸಾಗಿ ಕೈ ನಡುಗತೊಡಗಿದ ಮೇಲೆ ದೊಡ್ಡಮ್ಮ ಕತ್ತರಿ ಬಿಟ್ಟಳು, ಬರುವುದು ಬಿಡಲಿಲ್ಲ. ಬಂದವರ ಪಾದ ಕಾಗದದ ಮೇಲಿಡಿಸಿ, ಅವರ ಮನೆಯ ಸುದ್ದಿ ಕೇಳುತ್ತ ಸುತ್ತ ಪೆನ್ಸಿಲ್ ಎಳೆಯುತ್ತಿದ್ದಳು. ಗೆರೆ ಸೊಟ್ಟಗಿದ್ದರೆ ಒಳಗಿನವರು ಅವಳಿಗೆ ತಿಳಿಯದಂತೆ ಮತ್ತೊಮ್ಮೆ ಎಳೆದುಕೊಳ್ಳುತ್ತಿದ್ದರು. ಹೋದ ವರ್ಷ ಒಂದು ಬೆಳಗ್ಗೆ ಬಲಿಪೂಜೆ ಮುಗಿಸಿ ಬಂದು ವರಾಂಡದ ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ. ಮುಖ ನಿದ್ದೆಯಲ್ಲಿದ್ದವರ ಹಾಗಿತ್ತು.

ಮೊನ್ನೆ ಕಾರ್ಖಾನೆಗೆ ಹೋಗಿದ್ದೆ. ಸಣ್ಣ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದ ಹೊಸ ಟೀಚರಮ್ಮ ಒಬ್ಬಳು ಬೆಂಚಿನ ಮೇಲೆ ಕೂತು, ತನಗೆ ಎತ್ತರದ ಹಿಮ್ಮಡಿಯೇ ಬೇಕೆಂದು ಹಟ ಹಿಡಿದಿದ್ದಳು.

"ಹಿಮ್ಮಡಿ ಎತ್ತರ ಮಾಡೋಕಾಗಲ್ಲಮ್ಮ, ಬೆರಳಿನ ಮೇಲೆ ಭಾರ ಬೀಳುತ್ತೆ," ಎಂದ ತೋಟದವನು. ಈಗ ಅಲ್ಲಿಯ ಮೇಸ್ತ್ರಿ ಅವನೇ. "ಬಣ್ಣ ಬೇಕಾದ್ರೆ ಯಾವುದಾದ್ರೂ ಕೇಳು."

"ಚಿನ್ನದ ಬಣ್ಣ?"

"ಚಿನ್ನದ್ದು ಇನ್ನೂ ಮಾಡಿಲ್ಲ. ಕಾಲಿಡು, ನೋಡೋಣ," ಎಂದು ಅವನು ನೆಲದ ಮೇಲೆ ಕಾಗದ ಹಾಸಿದ.