ಮೂಗು ಕಟ್ಟಿಕೊಂಡ ಮೇಷ್ಟ್ರು

ಸೈಕಲ್ ಸಂಘದವರು ಅವರಿಗಿಟ್ಟ ಹೆಸರು ಮೂಗು ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ, ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿದ್ದವರು. ಯಾವ ಡಬ್ಬಿಯನ್ನೂ, ಯಾವ ಬಟ್ಟೆ ತುಂಡನ್ನೂ ಮೂಸಿ ನೋಡದೆ ಕೆಲಸಕ್ಕೆ ಹಚ್ಚಿದವರಲ್ಲ. ಚೈನಿಗೆ ಎಣ್ಣೆ ಬಟ್ಟೆ, ಬ್ರೇಕಿನ ಉಕ್ಕಿನ ತಟ್ಟೆಗೆ ಸ್ಪಿರಿಟ್ ಬಟ್ಟೆ. ಆ ತಟ್ಟೆಗೆ ಎಣ್ಣೆ ಸೋಕಿದರೆ ಬ್ರೇಕ್ ಹಿಡಿಯುವುದಿಲ್ಲ. ಎರಡೂ ಬಟ್ಟೆ ಒಂದೇ ಹಳೆಯ ಹೊದಿಕೆಯಿಂದ ಹರಿದವು, ನೋಡಲು ಅವಳಿ ಜವಳಿ. "ಕಣ್ಣು ಮೋಸ ಹೋಗತ್ತೆ, ಮೂಗು ಹೋಗಲ್ಲ" ಎಂದು ತಂಗಿಯ ಮಗಳಿಗೆ ಅವಳು ಚಿಕ್ಕವಳಿದ್ದಾಗಲೇ ಕಲಿಸಿದ್ದರು.

ಅದೇ ಮೂಗು ಅವರಿಗೆ ಶಾಪವೂ ಆಗಿತ್ತು. ಲೋಕದಲ್ಲಿ ಅವರಿಗೆ ಹೇಸಿಗೆ ಹುಟ್ಟಿಸದ ವಸ್ತು ಕಡಿಮೆ. ಚಳಿಗಾಲದ ಎರಡು ದಿನ ಈ ಜನರ ಜೊತೆ ಬೆಟ್ಟಕ್ಕೆ ಬರಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ. ಬಂದದ್ದು ಸೋದರ ಸೊಸೆಗಾಗಿ. ಶಾಲೆಯಲ್ಲಿ ಆಟ ಕಲಿಸುವ ಆ ಹುಡುಗಿ ಬೆಟ್ಟದ ಕಡಿದಾದ ಇಳಿಜಾರನ್ನು ಮೊದಲ ಸಲ ಇಳಿಯುವವಳಿದ್ದಳು. ತಂಗಿ ಕಡ್ಡಿ ಮುರಿದಂತೆ ಹೇಳಿದ್ದಳು: "ಅಣ್ಣ, ಬ್ರೇಕ್ ನೀನು ನೋಡ್ತೀಯ ಅಂದ್ರೆ ಮಾತ್ರ ಕಳಿಸ್ತೀನಿ. ಇನ್ಯಾರನ್ನೂ ನಾನು ನಂಬಲ್ಲ."

ಬೆಟ್ಟದ ಬುಡದ ಬಾಡಿಗೆ ಮನೆಯಲ್ಲಿ ಹನ್ನೊಂದು ಜನಕ್ಕೆ ಒಂದೇ ಹಾಲ್, ಒಂದೇ ಹೀಟರ್. ಹೀಟರ್ ಮೇಲೆ ಇಪ್ಪತ್ತೆರಡು ಒದ್ದೆ ಕಾಲುಚೀಲ. ಕಿಟಕಿಯ ಚಿಲಕಕ್ಕೆ ಯಾರದೋ ಬೆವರಿನ ಚಡ್ಡಿ. ಕೈಗವಸಿನ ಬೆನ್ನಿಗೆ ಮೂಗು ಒರೆಸಿ ಅದೇ ಕೈಯಲ್ಲಿ ಬ್ರೆಡ್ ಹಂಚುವವನೊಬ್ಬ. ಇವರಿಗೆಲ್ಲ ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ಆ ಮಹಾನುಭಾವ ಹಲ್ಲುಜ್ಜುವ ಬ್ರಷ್ಷಿನಲ್ಲಿ ಚೈನ್ ತಿಕ್ಕಿ, ಅದನ್ನು ಮರಳಿ ಎಲ್ಲರ ಬ್ರಷ್ಷಿನ ಲೋಟಕ್ಕೇ ಹಾಕಿದ್ದನ್ನು ಮೇಷ್ಟ್ರು ಕಣ್ಣಾರೆ ಕಂಡರು. ಊರವರ ಬಾಯಿಗೆ ಕೈ ಹಾಕುವ ಮನುಷ್ಯ ಇವನೇ!

ಬೆಳಿಗ್ಗೆ ಹೊರಗೆ ಹುಲ್ಲೆಲ್ಲ ಹಿಮ ಕಟ್ಟಿ ಬೆಳ್ಳಗಾಗಿತ್ತು, ಬೆರಳು ಮಡಚಲು ಆಗದ ಚಳಿ. ಹಾಗಾಗಿ ಸೈಕಲ್‌ಗಳನ್ನು ಹಾಲಿಗೇ ತಂದಿದ್ದರು. ಫೋಟೋದಲ್ಲಿ ಮಿಂಚಲೆಂದು ಅಧ್ಯಕ್ಷರು ತಮ್ಮ ಸೈಕಲ್ಲಿಗೆ ಹೊಳಪಿನ ಸ್ಪ್ರೇ ಹೊಡೆಯುತ್ತಿದ್ದರು. ಪಕ್ಕದಲ್ಲೇ ಹುಡುಗಿಯ ಸೈಕಲ್.

"ಡಾಕ್ಟ್ರೇ, ಬ್ರೇಕ್ ಹತ್ರ ಹೊಡೀಬೇಡಿ," ಎಂದರು ಮೇಷ್ಟ್ರು.

"ಗೊತ್ತು ಬಿಡಿ, ನಾನೇನು ಚಿಕ್ಕ ಮಗುನಾ?"

ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಎಂದು ಗೊಣಗುತ್ತ ಮೇಷ್ಟ್ರು ತಮ್ಮ ಸಾಮಾನಿನ ಪೆಟ್ಟಿಗೆಗೆ ಕೈ ಹಾಕಿದರೆ, ಅದರ ಮೇಲೂ ಒಂದು ಕಾಲುಚೀಲ ಒಣಗಲು ಬಿದ್ದಿತ್ತು. ಬೆರಳಿಗೆ ಲೋಳೆ ಲೋಳೆ ತಾಗಿತು. ವಾಕರಿಕೆ ತಡೆಯಲಾರದೆ ಮಫ್ಲರನ್ನು ಮೂಗು ಬಾಯಿಗೆ ಬಿಗಿದು ಕಟ್ಟಿಕೊಂಡರು. ಹಾಗೇ ಕುಳಿತು ಸೊಸೆಯ ಸೈಕಲ್ಲಿನ ಎರಡೂ ತಟ್ಟೆಗಳನ್ನು ಫಳಫಳ ಹೊಳೆಯುವಂತೆ ಒರೆಸಿದರು.

ನೆತ್ತಿಯವರೆಗೆ ವ್ಯಾನಿನಲ್ಲೇ ಹೋದರು. ಹುಡುಗಿ ಸೈಕಲ್ ಹತ್ತಿ, ಮಾವನ ಕಡೆ ತಿರುಗಿ ಕೈ ಎತ್ತಿ, ಹೊರಟಳು. ಮೊದಲ ತಿರುವಿನಲ್ಲಿ ಸೈಕಲ್ ತಿರುಗಲಿಲ್ಲ, ನಿಲ್ಲಲೂ ಇಲ್ಲ. ನೇರ ಮುಳ್ಳಿನ ಪೊದೆಗೆ ನುಗ್ಗಿತು. ಪೊದೆಯಾಚೆ ಬರೀ ಪ್ರಪಾತ.

ಮೇಷ್ಟ್ರು ಸಾಮಾನಿನ ಪೆಟ್ಟಿಗೆ ಹಿಡಿದೇ ಬಿದ್ದು ಎದ್ದು ಓಡಿದರು. ಹುಡುಗಿಯ ಗದ್ದ ಒಡೆದು ರಕ್ತ ಸುರಿಯುತ್ತಿತ್ತು, ಎಡಗೈ ಎತ್ತಲಾಗುತ್ತಿರಲಿಲ್ಲ. "ಎರಡೂ ಬ್ರೇಕ್ ಒತ್ತಿದೆ ಮಾವ, ಹಿಡೀಲೇ ಇಲ್ಲ," ಎಂದಳು. ತಟ್ಟೆ ಮುಟ್ಟಿದರೆ ಬೆರಳಿಗೆ ಜಿಡ್ಡು.

"ನಾಚಿಕೆ ಆಗಲ್ವೇನ್ರೀ ಡಾಕ್ಟ್ರೇ?" ಮೇಷ್ಟ್ರು ಕಿರುಚಿದರು. "ನಿಮ್ಮ ಫೋಟೋದ ಶೋಕಿಗೆ ಒಂದು ಹುಡುಗಿ ಜೀವಾನೇ ಹೋಗ್ತಿತ್ತಲ್ರೀ! ಥೂ!"

ಎಲ್ಲರೂ ಅಧ್ಯಕ್ಷರ ಮೇಲೆ ಮುಗಿಬಿದ್ದರು. "ನಾನು ದೂರದಿಂದ ಹೊಡೆದಿದ್ದು" ಎನ್ನುತ್ತಲೇ ಅವರು ಕಲ್ಲಿನ ಮೇಲೆ ಕುಸಿದು ಕುಳಿತರು. ಮೇಷ್ಟ್ರಿಗೆ, ಸುಳ್ಳೇಕೆ, ಒಳಗೊಳಗೇ ಹಿತವಾಯಿತು. ಓಡಿದ ಸೆಖೆಗೆ ಮಫ್ಲರ್ ಕಿತ್ತೆಸೆದು, ತಟ್ಟೆ ಒರೆಸಲು ಬೆಳಗಿನ ಬಟ್ಟೆಯನ್ನೇ ತೆಗೆದು, ಅಭ್ಯಾಸದಂತೆ ಮೂಗಿನ ಹತ್ತಿರ ತಂದರು.

ಚೈನಿನ ಎಣ್ಣೆ.

ಇನ್ನೊಮ್ಮೆ ಮೂಸಿದರು. ಎಣ್ಣೆಯೇ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವನ ತಟ್ಟೆಯ ನೊಣ ಹುಡುಕಿದ್ದೆ ಎಂದು ಗೊತ್ತಾಗಲು ಅಷ್ಟು ಸಾಕಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಸುಮ್ಮನಿರಲು ಒಂದು ಗಳಿಗೆ ಮನಸ್ಸೂ ಆಯಿತು, ಆ ಮನಸ್ಸಿನ ಮೇಲೇ ಅಸಹ್ಯವಾಯಿತು.

"ಅವರಲ್ಲ, ನಾನು," ಎಂದರು. "ಮೂಗು ಕಟ್ಕೊಂಡಿದ್ದೆ. ಎಣ್ಣೆ ಬಟ್ಟೇಲಿ ಒರೆಸಿಬಿಟ್ಟೆ."

ಯಾರೂ ನಂಬಲಿಲ್ಲ. "ನಿಮ್ಮದು ದೊಡ್ಡ ಮನಸ್ಸು ಮೇಷ್ಟ್ರೇ, ಡಾಕ್ಟ್ರ ಮಾನ ಕಾಯೋಕೆ ತಪ್ಪನ್ನ ತಲೆ ಮೇಲೆ ಹಾಕ್ಕೋತಿದ್ದೀರಲ್ಲ!" ಎಂದನೊಬ್ಬ. ಅಧ್ಯಕ್ಷರು ಓಡಿಬಂದು ತಬ್ಬಿಕೊಂಡು, "ನೀವು ನನ್ನ ಅಪ್ಪನ ಸಮಾನ" ಎಂದು ಅತ್ತು ಅವರ ಹೆಗಲಿಗೇ ಸಿಂಬಳ ಸವರಿದರು. ಮೇಷ್ಟ್ರು ಅದನ್ನು ಒರೆಸಿಕೊಳ್ಳಲಿಲ್ಲ. ಅದಕ್ಕಿಂತ ಹೊಲಸು ತಾವೇ ಅನಿಸಿತ್ತು.

ಹುಡುಗಿ ಮಾತ್ರ ಅವರನ್ನೇ ನೋಡುತ್ತಿದ್ದಳು.

"ಮಾವ, ನಿಜ ಹೇಳು. ಮೂಸಿ ನೋಡ್ಲಿಲ್ವಾ?"

"ಇಲ್ಲ ಕಣಮ್ಮ."

ಅವಳು ಗದ್ದಕ್ಕೆ ಕರವಸ್ತ್ರ ಒತ್ತಿ ಕಟ್ಟಿಸಿಕೊಂಡು, ಪೆಟ್ಟಿಗೆಯನ್ನು ಕಾಲಿನಿಂದ ಹತ್ತಿರ ಎಳೆದುಕೊಂಡು, ಒಂದೇ ಕೈಯಲ್ಲಿ ಬ್ರೇಕಿನ ಎಣ್ಣೆ ಕುಡಿದ ಪ್ಯಾಡು ಬಿಚ್ಚತೊಡಗಿದಳು. ಸ್ಪ್ಯಾನರ್ ಜಾರಿತು. ಚಕ್ರ ಹಿಡಿದುಕೊಳ್ಳಲು ಮೇಷ್ಟ್ರು ಬಗ್ಗಿದರು.

"ಬೇಡ ಮಾವ," ಎಂದಳು, ಸಿಟ್ಟಿಲ್ಲದೆ. "ನೀನು ಮುಟ್ಬೇಡ."